ಮುಟ್ಟಿದವರು

1897ರ ಮಾರ್ಚ್ ತಿಂಗಳ ಆರಂಭ. ಪುಣೆಯ ಹೊರಗಿನ ಮುಂಢವೆ ಎಂಬ ಹಳ್ಳಿಯ ಮಹಾರರ ಕೇರಿಯಲ್ಲಿ ಒಬ್ಬ ಹುಡುಗನಿಗೆ ಪ್ಲೇಗು ತಗುಲಿತು. ಜ್ವರದ ಜೊತೆಗೆ ಗಡ್ಡೆ ಎದ್ದಿದೆ ಎಂದರೆ ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಥ ಕೇರಿಯ ದಾರಿಯನ್ನೇ ಬಿಟ್ಟು ಜನ ಬಳಸಿಕೊಂಡು ಹೋಗುತ್ತಿದ್ದ ದಿನಗಳವು. ಅರವತ್ತಾರು ವರ್ಷದ ಹೆಂಗಸೊಬ್ಬರು ಮಾತ್ರ ನೆಟ್ಟಗೆ ಅಲ್ಲಿಗೇ ನಡೆದರು. ಹುಡುಗನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡರು. ಹಡಪ್‌ಸರದ ಹತ್ತಿರದ ಸಾಸಾಣೆ ಮಳಾ ಎಂಬಲ್ಲಿ ಅವರ ಸಾಕುಮಗ ಡಾ. ಯಶವಂತರ ಚಿಕಿತ್ಸಾ ಕೇಂದ್ರವಿತ್ತು. ಅಲ್ಲಿಯವರೆಗೂ ಹೊತ್ತುಕೊಂಡೇ ಬಂದರು. ದಾರಿಯುದ್ದಕ್ಕೂ ಆ ಮಗುವಿನ ಜ್ವರದ ಬಿಸಿ ಅವರ ಬೆನ್ನಿಗೆ ತಾಗುತ್ತಲೇ ಇದ್ದಿರಬೇಕು.

ಹುಡುಗ ಬದುಕಿಕೊಂಡ. ಹೊತ್ತು ತಂದವರಿಗೆ ಜ್ವರ ಬಂತು. ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ತೀರಿಕೊಂಡರು.

ಹುಡುಗನ ಹೆಸರು ಪಾಂಡುರಂಗ. ಪಂಢರಪುರದ ವಿಠಲನದೇ ಹೆಸರು. ಸಾವಿತ್ರಿಬಾಯಿಗೆ ವಿಗ್ರಹಗಳಲ್ಲಿ ನಂಬಿಕೆಯಿರಲಿಲ್ಲ. ಗಂಡ ಜ್ಯೋತಿಬಾ ಕಟ್ಟಿದ ಸತ್ಯಶೋಧಕ ಸಮಾಜದ ದೇವರಿಗೆ ಗುಡಿಯಿಲ್ಲ, ಪೂಜಾರಿಯಿಲ್ಲ. ಅವನನ್ನು ಅವರು ‘ನಿರ್ಮಿಕ’ ಎಂದು ಕರೆಯುತ್ತಿದ್ದರು, ಅಂದರೆ ಎಲ್ಲವನ್ನೂ ನಿರ್ಮಿಸಿದವನು. 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು, 1876-77ರ ಬರಗಾಲದಲ್ಲಿ ಗಂಜಿ ಕೇಂದ್ರಗಳನ್ನು ನಡೆಸಿದ್ದು, 1890ರಲ್ಲಿ ಗಂಡನ ಶವಯಾತ್ರೆಯಲ್ಲಿ ತಾವೇ ಮಡಕೆ ಹಿಡಿದು ಮುಂದೆ ನಡೆದದ್ದು, ಇವೆಲ್ಲ ಆ ನಂಬಿಕೆಯ ಲೆಕ್ಕಕ್ಕೇ ಸೇರಿದವು. ಕೊನೆಗೆ ಪಾಂಡುರಂಗನನ್ನು ಹೊತ್ತದ್ದೂ ಹಾಗೆಯೇ. ಯಶವಂತರು ಹುಟ್ಟಿದ್ದು ಬ್ರಾಹ್ಮಣ ವಿಧವೆಯೊಬ್ಬಳ ಹೊಟ್ಟೆಯಲ್ಲಿ. ಮುಂದೆ ಕೆಲವೇ ವರ್ಷಗಳಲ್ಲಿ ಅವರೂ ಪ್ಲೇಗಿಗೇ ಬಲಿಯಾದರು.

ಕನ್ನಡದಲ್ಲಿ ‘ಸೋಂಕು’ ಎಂಬ ಮಾತಿದೆ. 2020ರಿಂದೀಚೆಗೆ ದಿನಕ್ಕೆ ನೂರು ಸಲ ಕೇಳಿ ಅದು ಬರೀ ಆಸ್ಪತ್ರೆಯ ಮಾತಾಗಿಬಿಟ್ಟಿದೆ. ಆದರೆ ಮೂಲದಲ್ಲಿ ಸೋಂಕುವುದೆಂದರೆ ಮುಟ್ಟುವುದು. ತಂಗಾಳಿ ಸೋಂಕುತ್ತದೆ, ಮಗುವಿನ ಕೈ ಸೋಂಕುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆಮರದ ಕೆಳಗೆ ಹೋದರೆ ದೆವ್ವವೂ ಸೋಂಕುತ್ತದೆ. ಹಿತವಾದ ಮುಟ್ಟುವಿಕೆಗೂ ಕೊಲ್ಲುವ ಮುಟ್ಟುವಿಕೆಗೂ ನಮ್ಮ ಹಿರಿಯರು ಒಂದೇ ಪದ ಇಟ್ಟುಕೊಂಡಿದ್ದರು. ಮುಟ್ಟುವುದು ಬಿಡುವುದರ ಮೇಲೆಯೇ ಇಡೀ ಸಮಾಜವನ್ನು ಕಟ್ಟಿಕೊಂಡಿದ್ದ ನಾಡಿಗೆ ಮುಟ್ಟಿದರೆ ಸಾಯುತ್ತೀರಿ ಎನ್ನುವ ರೋಗ ಬಂದಾಗ ಏನಾಯಿತು ಎಂಬುದು ಆ ನಾಲ್ಕೈದು ವರ್ಷಗಳ ಕತೆ.

ರೋಗ ಬಂದದ್ದು ಸಮುದ್ರದ ಮೇಲಿಂದ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು ಹಡಗಿನ ಇಲಿಗಳ ಜೊತೆ ಮುಂಬಯಿ ಬಂದರಿಗೆ ಇಳಿಯಿತು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ದಾಸ್ತಾನು ಮಳಿಗೆಗಳ ಸಂದಿಯಲ್ಲಿ ಡಾ. ಅಕಾಸಿಯೊ ವೀಗಾಸ್ ಎಂಬ ಗೋವಾ ಮೂಲದ ವೈದ್ಯರು ಅದನ್ನು ಮೊದಲು ಗುರುತಿಸಿದರು. ತಿಂಗಳುಗಳೊಳಗೆ ಅರ್ಧ ಮುಂಬಯಿ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿತು. ಊರಿಗೆ ಹೊರಟವರ ಗಂಟಿನಲ್ಲಿ ಬಟ್ಟೆಯಿತ್ತು, ಕಾಳಿತ್ತು, ಕಾಣದ ಚಿಗಟವೂ ಇತ್ತು. ಚಿಗಟದ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ. ಇಲಿಯಿಂದ ಮನುಷ್ಯನಿಗೆ ರೋಗ ದಾಟಿಸುವುದು ಚಿಗಟವೇ ಎಂದು ಫ್ರಾನ್ಸಿನ ಪಾಲ್-ಲೂಯಿ ಸಿಮೊಂ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಉಳಿದ ವೈದ್ಯರು ಅದನ್ನು ಒಪ್ಪಲು ಇನ್ನೂ ವರ್ಷಗಳೇ ಹಿಡಿದವು. ಗಡ್ಡೆಯ ಪ್ಲೇಗು ಶ್ವಾಸಕೋಶಕ್ಕೆ ಇಳಿಯದ ಹೊರತು ರೋಗಿಯನ್ನು ಮುಟ್ಟಿದ ಮಾತ್ರಕ್ಕೆ ಅಂಟುವಂಥದಲ್ಲ. ಆದರೆ 1897ರಲ್ಲಿ ರೋಗಿಯನ್ನು ಮುಟ್ಟಿದವರು ತಮ್ಮ ಸಾವನ್ನೇ ಮುಟ್ಟುತ್ತಿದ್ದೇವೆ ಎಂದು ತಿಳಿದೇ ಮುಟ್ಟಿದರು. ಅವರನ್ನು ಅಳೆಯುವಾಗ ಈ ಮಾತು ಮರೆಯಬಾರದು.

ಸರ್ಕಾರ ಮಾಡಿದ್ದೇನು? 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಗೆ ಗೋರಾ ಸಿಪಾಯಿಗಳನ್ನು ಕೊಟ್ಟಿತು. ಅವರು ಬೂಟುಗಾಲಲ್ಲಿ ಅಡುಗೆಮನೆ ಹೊಕ್ಕರು, ದೇವರ ಕೋಣೆ ಹೊಕ್ಕರು, ಹಾಸಿಗೆ ಬಟ್ಟೆ ಬೀದಿಗೆಳೆದು ಸುಟ್ಟರು. ಕಂಕುಳು, ತೊಡೆಸಂದು ನೋಡಬೇಕೆಂದು ಹೆಂಗಸರನ್ನು ಹೊರಗೆ ನಿಲ್ಲಿಸಿದರು. ಅದೂ ಒಂದು ಬಗೆಯ ಮುಟ್ಟುವಿಕೆ. ರೋಗಿಯನ್ನು ಎತ್ತಿಕೊಂಡು ಹೋದರೆ ಮನೆಯವರಿಗೆ ಆಮೇಲೆ ಸಿಗುತ್ತಿದ್ದದ್ದು ಬಹಳ ಸಲ ಸಾವಿನ ಸುದ್ದಿ ಮಾತ್ರ. ಜನ ಕಾಯಿಲೆಯನ್ನು ಬಚ್ಚಿಟ್ಟರು. ಹೆಣವನ್ನೂ ಬಚ್ಚಿಟ್ಟರು. ಊರಿನ ಮುಖಂಡರು ಅನೇಕರು ಜಾಗ ಖಾಲಿ ಮಾಡಿದಾಗ ಪುಣೆಯಲ್ಲೇ ಉಳಿದ ಟಿಳಕರು ಹಿಂದೂಗಳಿಗಾಗಿ ಒಂದು ಪ್ಲೇಗ್ ಆಸ್ಪತ್ರೆ ತೆರೆಯುವುದರಲ್ಲಿ ಮುಂದಾದರು.

ಇದೇ ಪುಣೆಯಲ್ಲಿ ಇನ್ನೊಬ್ಬ ಹೆಂಗಸಿದ್ದರು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು, ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, ಪಂಡಿತಾ ರಮಾಬಾಯಿ. ಹೆಣ್ಣಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಅಪ್ಪ ಊರವರಿಂದ ದೂರವಾಗಿ ಕಾಡು ಸೇರಿದ್ದರು. ರಮಾಬಾಯಿ ಹುಡುಗಿಯಾಗಿದ್ದಾಗಲೇ ಆ ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತಾ ಅಲೆಯಿತು. 1874ರ ಸುಮಾರಿಗೆ ಬರ ಬಂತು. ಕೈಯಲ್ಲಿದ್ದದ್ದೆಲ್ಲ ವ್ರತಕ್ಕೆ, ದಾನಕ್ಕೆ ಹೋಯಿತು. ದೇವರು ಕೈಹಿಡಿಯುತ್ತಾನೆ ಎಂದು ಕಾದರು. ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವಿನಿಂದ ಸತ್ತರು. ಅಲ್ಲಿಗೆ ಹಳೆಯ ನಂಬಿಕೆಯ ಬೇರು ಅಲುಗಿತು. ಹತ್ತು ವರ್ಷ ಕಳೆಯುವುದರೊಳಗೆ, 1883ರಲ್ಲಿ, ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತರಾದರು. ಅದಕ್ಕಾಗಿ ಪುಣೆ ಅವರನ್ನು ಕ್ಷಮಿಸಲಿಲ್ಲ.

1896-97ರಲ್ಲಿ ಮಧ್ಯಪ್ರಾಂತ್ಯಕ್ಕೆ ಮತ್ತೆ ಬರ ಬಿದ್ದಾಗ ರಮಾಬಾಯಿ ತಾವು ಹುಡುಗಿಯಾಗಿ ಕಂಡದ್ದನ್ನೇ ಇನ್ನೊಮ್ಮೆ ಕಂಡರು. ಅನಾಥ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕೂಡಿಕೊಂಡು ಬಂದರು. ಆದರೆ ಪ್ಲೇಗಿನ ಕಟ್ಟಳೆಯಿಂದಾಗಿ ಅಷ್ಟು ಜನವನ್ನು ಪುಣೆಯ ಒಳಗೆ ಇಟ್ಟುಕೊಳ್ಳುವಂತಿರಲಿಲ್ಲ. ಪುಣೆಯಿಂದ ಆಚೆ ಕೇಡಗಾಂವ್‌ನಲ್ಲಿ ಅವರು ಕೊಂಡಿದ್ದ ಹೊಲವಿತ್ತು. ಅಲ್ಲೇ ಡೇರೆ ಹಾಕಿದರು, ಗುಡಿಸಲು ಕಟ್ಟಿದರು. ಮುಕ್ತಿ ಸದನ ಶುರುವಾದದ್ದು ಹೀಗೆ, ನಗರ ಒಳಗೆ ಬಿಡದ ಕಾರಣಕ್ಕೆ. ಅವರು ಸುಮ್ಮನೆ ಹೊರಗೆ ಹೋದವರೂ ಅಲ್ಲ. ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ ಎಂದು ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಬರೆದರು. ಕ್ರೈಸ್ತಳಾದವಳು ಸರ್ಕಾರದ ಪರವೇ ಇರುತ್ತಾಳೆ ಎಂದುಕೊಂಡಿದ್ದವರಿಗೂ, ಸರ್ಕಾರಕ್ಕೂ ಆ ಪತ್ರ ಇರಿಸುಮುರಿಸು ತಂದಿತು.

1897ರ ಜೂನ್ 22. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ಸಂಭ್ರಮ ಸಾಮ್ರಾಜ್ಯದಲ್ಲೆಲ್ಲ. ಆ ರಾತ್ರಿ ಪುಣೆಯ ಗಣೇಶಖಿಂಡ ರಸ್ತೆಯಲ್ಲಿ ಔತಣ ಮುಗಿಸಿ ಹೊರಟ ರ‍್ಯಾಂಡ್ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದರು. ಅದೇ ದಿನ ಬೆಂಗಳೂರಿನಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ, ಅದೇ ಅರವತ್ತರ ನೆನಪಿಗೆ ಒಂದು ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಅದು ಇಂದಿನ ವಿಕ್ಟೋರಿಯಾ ಆಸ್ಪತ್ರೆ. ಮಹಾರಾಣಿಗೆ ರೋಗವೆಂದರೇನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡ ಚಾಮರಾಜ ಒಡೆಯರನ್ನು ಎರಡೂವರೆ ವರ್ಷದ ಹಿಂದೆ ಕಲ್ಕತ್ತೆಯಲ್ಲಿ ಗಂಟಲಮಾರಿ ಕೊಂಡೊಯ್ದಿತ್ತು. ಆದರೆ ಈ ಕಲ್ಲಿನ ಮೇಲೆ ಗೋಡೆ ಏಳುವ ಮೊದಲೇ ಆಸ್ಪತ್ರೆಯ ಅಗತ್ಯ ರೈಲಿನಲ್ಲಿ ಬರಲಿದೆ ಎಂದು ಆ ದಿನ ಅಲ್ಲಿದ್ದವರು ಯಾರೂ ಎಣಿಸಿರಲಾರರು.

ಪುಣೆಯಿಂದ ದಕ್ಷಿಣಕ್ಕೆ ಸದರ್ನ್ ಮರಾಠಾ ರೈಲ್ವೆಯ ದಾರಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹರಿಹರಗಳ ಮೇಲೆ ಬೆಂಗಳೂರಿಗೆ ಬರುತ್ತದೆ. ಪ್ಲೇಗೂ ಅದೇ ದಾರಿ ಹಿಡಿಯಿತು. ರೈಲ್ವೆ ಕಾರ್ಖಾನೆಯ ಊರಾದ ಹುಬ್ಬಳ್ಳಿಯನ್ನು ಅದು ಹಿಂಡಿ ಹಾಕಿತು. ಹುಬ್ಬಳ್ಳಿಯ ಹೆಸರು ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದದ್ದು ಮಾತ್ರ ಬೇರೆ ಕಾರಣಕ್ಕೆ. 1898ರಲ್ಲಿ ಅಲ್ಲಿ 30,000ಕ್ಕೂ ಹೆಚ್ಚು ಜನ ಸೂಜಿ ಹಾಕಿಸಿಕೊಂಡರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಪ್ಲೇಗಿನ ಲಸಿಕೆ ಅಲ್ಲಿಯವರೆಗೆ ಎಲ್ಲೂ ನಡೆದಿರಲಿಲ್ಲ ಎಂದರೆ ತಪ್ಪಾಗದು. ನೆರೆಮನೆಯವನು ಹಾಕಿಸಿಕೊಂಡು ಬದುಕಿದ್ದನ್ನು ಕಣ್ಣಾರೆ ಕಂಡ ಮೇಲೆ ಜನ ತಾವಾಗಿಯೇ ಬಂದು ಸಾಲು ನಿಂತರು. ಗೋರಾ ಸಿಪಾಯಿಯ ಕೈಲಿ ಆಗದ ಕೆಲಸ ಇದು.

ಆ ಲಸಿಕೆ ತಯಾರಿಸಿದವರು ಒಡೆಸ್ಸಾದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಅದನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ಚುಚ್ಚಿಸಿಕೊಂಡದ್ದು ತಮ್ಮ ಮೈಗೇ. ಖೋಜಾ ಮುಸ್ಲಿಮರು ಹಿಂಜರಿದಾಗ ಅವರ ಧರ್ಮಗುರು, ಇನ್ನೂ ಇಪ್ಪತ್ತು ದಾಟದ ಆಗಾ ಖಾನ್, ತಮ್ಮ ಜನರ ಎದುರಿಗೇ ಕೈಯೊಡ್ಡಿ ಚುಚ್ಚಿಸಿಕೊಂಡರು. ಹಾಫ್‌ಕಿನ್‌ಗೆ ಇದರಿಂದ ಒಳ್ಳೆಯದಾಯಿತೆ? 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದು ಸೀಸೆಗೆ ಧನುರ್ವಾಯುವಿನ ವಿಷ ಸೇರಿ 19 ಜನ ಸತ್ತರು. ತಪ್ಪು ಅವರದಲ್ಲ ಎಂದು ಸ್ಪಷ್ಟವಾಗಲು 1907 ಬರಬೇಕಾಯಿತು. ಕಳಂಕ ಹೊತ್ತ ಆ ಪ್ರಯೋಗಾಲಯದ ಮನುಷ್ಯ ತನ್ನ ಕೊನೆಗಾಲದಲ್ಲಿ ಹಿರಿಯರ ಯಹೂದಿ ಆಚರಣೆಗಳಿಗೆ ಇನ್ನಷ್ಟು ನಿಷ್ಠೆಯಿಂದ ಮರಳಿದರು. ಇದಕ್ಕೆ ಮುಲ್ಕೋವಾಲ್ ಕಾರಣವೆಂದು ನಾನು ಹೇಳಲಾರೆ. ಆದರೆ ಎರಡನ್ನೂ ಒಟ್ಟಿಗೆ ನೆನೆಯದೆ ಇರಲೂ ಆಗುವುದಿಲ್ಲ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಇಳಿಯಿತು.

ಆಗ ಬೆಂಗಳೂರೆಂದರೆ ಎರಡು ಊರು: ಪೇಟೆ ಮೈಸೂರು ಸರ್ಕಾರದ್ದು, ದಂಡು ಬ್ರಿಟಿಷರದ್ದು. ರೋಗಕ್ಕೆ ಆ ಗಡಿ ಲೆಕ್ಕಕ್ಕೆ ಬರಲಿಲ್ಲ. ಪೇಟೆಯಲ್ಲಿ ಬೀದಿ ಕಿರಿದು, ಮನೆಗೆ ಮನೆ ಅಂಟಿಕೊಂಡದ್ದು, ನೆಲ ಮಣ್ಣಿನದು, ಗೋಡೆಯ ಬುಡದಲ್ಲಿ ಇಲಿಬಿಲ, ಮೂಲೆಯಲ್ಲಿ ಕಾಳಿನ ವಾಡೆ. ಇಲಿಗೆ ಇದಕ್ಕಿಂತ ಇನ್ನೇನು ಬೇಕು? ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಊರ ಹೊರಗೆ ಕ್ಯಾಂಪುಗಳೆದ್ದವು. ರೋಗ ಕಂಡ ಮನೆಗಳ ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸಿದರು, ಸುಣ್ಣ ಹೊಡೆಸಿದರು. ರೈಲಿಳಿದವರ ಕೈಗೆ ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿ ಕೊಟ್ಟು, ಇಂತಿಷ್ಟು ದಿನ ಬಂದು ಮುಖ ತೋರಿಸಿ ಹೋಗಬೇಕು ಎಂದರು. ಪ್ಲೇಗಿನ ಸುದ್ದಿ ಬೇಗ ಮುಟ್ಟಿಸಲೆಂದೇ ಟೆಲಿಫೋನ್ ತಂತಿಗಳನ್ನು ಎಳೆದರು. ಮೈಸೂರು ಸೀಮೆಯಲ್ಲೂ ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದೇನಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಆ ವರ್ಷವೇ ಪ್ಲೇಗ್ ಕಟ್ಟಳೆಗಳ ವಿರುದ್ಧ ದೊಂಬಿಯೆದ್ದಿತು. 1891ರ ಜನಗಣತಿಯಲ್ಲಿ ಪೇಟೆ, ದಂಡು ಎರಡೂ ಸೇರಿ 1,80,000 ದಾಟಿದ್ದ ಬೆಂಗಳೂರು 1901ರಲ್ಲಿ ಸುಮಾರು 1,59,000ಕ್ಕೆ ಇಳಿಯಿತು. ಬೆಳೆಯುವುದೊಂದೇ ಗೊತ್ತಿರುವ ಊರು ಎಂದು ನಾವಂದುಕೊಂಡಿರುವ ಬೆಂಗಳೂರು ಹೀಗೆ ಕುಗ್ಗಿದ್ದೂ ಉಂಟು.

ಈ ಕ್ಯಾಂಪುಗಳ ಕೆಲಸಕ್ಕೆ ನಿಂತ ವೈದ್ಯರಲ್ಲಿ ಒಬ್ಬರು ಡಾ. ಪದ್ಮನಾಭನ್ ಪಲ್ಪು. ತಿರುವನಂತಪುರದ ಪೇಟ್ಟದಲ್ಲಿ 1863ರಲ್ಲಿ ಹುಟ್ಟಿದ ಈಳವ ಹುಡುಗ. ತಿರುವಾಂಕೂರಿನಲ್ಲಿ ವೈದ್ಯಕೀಯ ಪರೀಕ್ಷೆ ಪಾಸು ಮಾಡಿದರೂ ಜಾತಿಯ ಕಾರಣಕ್ಕೆ ಸೀಟು ಸಿಗಲಿಲ್ಲ. ಮದರಾಸಿಗೆ ಹೋಗಿ ಓದಿ ಡಾಕ್ಟರಾಗಿ ಬಂದರೆ ಅದೇ ತಿರುವಾಂಕೂರಿನಲ್ಲಿ ನೌಕರಿಯೂ ಇಲ್ಲ. ಈಳವರು ಹೆಂಡ ಇಳಿಸಿಕೊಂಡು ಇರಲಿ ಎನ್ನುವುದು ಅಲ್ಲಿನ ಧೋರಣೆ. ಮೈಸೂರು ಸರ್ಕಾರ ಕೆಲಸ ಕೊಟ್ಟಿತು. 1896ರಲ್ಲಿ 13,176 ಈಳವರ ಸಹಿ ಇದ್ದ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದಾಗ ಅದರ ಮುಂದಾಳು ಬೆಂಗಳೂರಿನ ಈ ಡಾಕ್ಟರರೇ. ಶಾಲೆಗೆ, ನೌಕರಿಗೆ ನಮ್ಮನ್ನೂ ಸೇರಿಸಿಕೊಳ್ಳಿ ಎಂಬ ಮನವಿ. ಫಲವೇನೂ ಬರಲಿಲ್ಲ.

ಎರಡು ವರ್ಷದ ಬಳಿಕ ಬೆಂಗಳೂರಿನ ಪ್ಲೇಗ್ ಕ್ಯಾಂಪಿನಲ್ಲಿ ಅದೇ ಪಲ್ಪು ನಿಂತಿದ್ದರು. ಈ ಚಿತ್ರವನ್ನು ಸ್ವಲ್ಪ ಹೊತ್ತು ನೋಡಬೇಕು. ತಮ್ಮ ಊರಿನಲ್ಲಿ ಮೇಲಿನವರಿಂದ ಇಷ್ಟು ಮಾರು ದೂರ ನಿಲ್ಲಬೇಕು ಎಂಬ ಲೆಕ್ಕದೊಳಗೆ ಹುಟ್ಟಿದವರು ಅವರು. ಇಲ್ಲಿ ಚಾಪೆಯ ಮೇಲೆ ಮಲಗಿದವನು ಎಂಥ ಮಡಿವಂತನೇ ಆಗಿರಲಿ, ಅವನ ಕಂಕುಳಿಗೆ ಕೈಹಾಕಿ ಗಡ್ಡೆ ಹುಡುಕುವ ಅಧಿಕಾರ ಇವರದು. ಮಗ ಬಾಗಿಲಲ್ಲಿ ನಿಂತುಬಿಟ್ಟ ಕಡೆ ಒಳಗೆ ಹೋಗಬೇಕಾದವರೂ ಇವರೇ. ಮುಟ್ಟಬೇಡ ಎಂದು ಹೇಳಲು ಆ ಚಾಪೆಯ ಮೇಲಿದ್ದವರಿಗೆ ದನಿಯೂ ಉಳಿದಿರಲಿಲ್ಲ. ತಮ್ಮನ್ನು ಹೊರಗಿಟ್ಟ ಜಗತ್ತಿನ ಮೇಲೆ ಕಹಿ ಕಾರಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೊಂದಿರಲಾರದು. ಅವರು ನಾಡಿ ಹಿಡಿದರು. ಆಮೇಲೆ ಮೈಸೂರು ಸರ್ಕಾರವೇ ಅವರನ್ನು ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಕಳುಹಿಸಿತು.

1892ರಲ್ಲಿ ದಕ್ಷಿಣಕ್ಕೆ ಬಂದಿದ್ದ ವಿವೇಕಾನಂದರು ಪಲ್ಪು ಅವರನ್ನು ಕಂಡಾಗ, ನಿಮ್ಮ ಜನರನ್ನು ಒಗ್ಗೂಡಿಸಬೇಕಾದರೆ ನಿಮ್ಮೊಳಗಿನಿಂದಲೇ ಒಬ್ಬ ಗುರುವನ್ನು ಮುಂದಿಟ್ಟುಕೊಳ್ಳಿ ಎಂಬ ಅರ್ಥದ ಮಾತು ಹೇಳಿದ್ದರಂತೆ. ವೈದ್ಯರಾದ ಪಲ್ಪು ಅರ್ಜಿ, ಕಾಯ್ದೆ, ಪತ್ರಿಕೆಗಳನ್ನು ನಂಬಿದ್ದ ಮನುಷ್ಯ. ಆದರೂ ಕೊನೆಗೆ ನಾರಾಯಣ ಗುರುಗಳ ಜೊತೆ ನಿಂತು, 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಕಟ್ಟುವುದರಲ್ಲಿ ಕೈಜೋಡಿಸಿದರು. 1895ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರ ಮಗ ಮುಂದೆ ನಟರಾಜ ಗುರು ಎಂದು ಪ್ರಸಿದ್ಧರಾದರು.

ವಿವೇಕಾನಂದರ ಹೆಸರು ಬಂದದ್ದರಿಂದ ಕಲ್ಕತ್ತೆಯ ಕಡೆ ಒಂದು ಗಳಿಗೆ ಹೋಗಿಬರೋಣ. ಅಲ್ಲಿ 1899ರ ಮಾರ್ಚ್ ಕೊನೆಗೆ ರಾಮಕೃಷ್ಣ ಮಿಷನ್ ಪ್ಲೇಗ್ ಸೇವೆಗಿಳಿಯಿತು. ಹಣ ಸಾಲದಿದ್ದರೆ ಮಠಕ್ಕೆಂದು ಕೊಂಡ ಜಾಗವನ್ನೇ ಮಾರಿಬಿಡೋಣ ಎಂದು ಸ್ವಾಮೀಜಿ ಹೇಳಿದ್ದರು. ಓಣಿಗಳ ಕಸ ಗುಡಿಸುವ ಕೆಲಸದ ಉಸ್ತುವಾರಿ ಸ್ವಾಮಿ ಸದಾನಂದ ಮತ್ತು ಐರ್ಲೆಂಡ್ ಮೂಲದ, ಇಲ್ಲಿಗೆ ಬಂದು ವರ್ಷ ಕಳೆದಿದ್ದ ಸೋದರಿ ನಿವೇದಿತಾ ಅವರದು. ಡಾ. ಆರ್.ಜಿ. ಕರ್ ಬಾಗ್‌ಬಜಾರಿನ ಒಂದು ಗುಡಿಸಲಿಗೆ ಹೋದಾಗ ಕಂಡದ್ದನ್ನು ಬರೆದಿಟ್ಟಿದ್ದಾರೆ: ತಾಯಿ ಸತ್ತ ಮಗುವೊಂದನ್ನು ಮಡಿಲಲ್ಲಿಟ್ಟುಕೊಂಡು ನಿವೇದಿತಾ ಕೂತಿದ್ದರು. ಗೋಡೆಗೆ ಸುಣ್ಣ ಬಳಿಯಬೇಕೆಂದಾಗ ಏಣಿ ತಂದು ತಾವೇ ಬಳಿದರು. ಮಗು ಉಳಿಯಲಿಲ್ಲ. ಹೋಗುವ ಮುಂಚೆ ಅದು ಇವರನ್ನೇ ಅಮ್ಮ ಎಂದು ತಬ್ಬಿಕೊಂಡಿತ್ತು.

ಹೆಸರಿರುವವರ ಕತೆ ಹೇಳುವುದು ಸುಲಭ. ಹೆಸರಿಲ್ಲದವರು ಎಲ್ಲಿ ಹೋದರು, ಯಾರ ಕಾಲಿಗೆ ಬಿದ್ದರು? ಅವರು ಮಾರಮ್ಮನ ಬಳಿಗೆ ಹೋದರು. ನಮ್ಮಲ್ಲಿ ಸಿಡುಬಿಗೆ ‘ಅಮ್ಮ’ ಎಂದೇ ಹೆಸರು. ಯಾರಿಗೋ ಸಿಡುಬು ಬಂತು ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಂದವಳನ್ನು ಬೈಯುವಂತಿರಲಿಲ್ಲ. ಬೇವಿನ ಸೊಪ್ಪು, ತಂಬಿಟ್ಟು, ಮೊಸರನ್ನ ಕೊಟ್ಟು, ಮಡಿಲಕ್ಕಿ ತುಂಬಿ, ತವರಿಗೆ ಬಂದ ಮಗಳನ್ನು ಕಳಿಸಿದ ಹಾಗೆ ಊರ ಗಡಿಯವರೆಗೆ ಹೋಗಿ ಕಳಿಸಿಬರಬೇಕಿತ್ತು. ಪ್ಲೇಗು ಹೊಸ ರೋಗ, ಹೆಸರೂ ಇಂಗ್ಲಿಷಿನದು. ಜನ ತಡಮಾಡಲಿಲ್ಲ. ಆ ಇಂಗ್ಲಿಷ್ ಹೆಸರಿಗೇ ಅಮ್ಮನನ್ನು ಸೇರಿಸಿ ‘ಪ್ಲೇಗಮ್ಮ’ ಎಂದರು, ಕಲ್ಲು ನೆಟ್ಟರು, ಅರಿಸಿನ ಬಳಿದರು. ಬೆಂಗಳೂರಿನಲ್ಲಿ, ಅದರಾಚೆ ಕೊಯಮತ್ತೂರಿನ ಕಡೆಯೂ ಅಂಥ ಗುಡಿಗಳು ಇಂದಿಗೂ ಇವೆ. ಕೊರೊನಾ ಬಂದಾಗ ‘ಕೊರೊನಮ್ಮ’ ಕಾಣಿಸಿಕೊಂಡಳು, ಟಿವಿಯವರು ನಕ್ಕರು. ನನಗೆ ನಗು ಬರಲಿಲ್ಲ. ಕೊಲ್ಲಲು ಬಂದದ್ದನ್ನೂ ಅಮ್ಮ ಎಂದು ಕರೆದು ಮಾತಾಡಿಸಬಲ್ಲವರು, ಅದು ತಗುಲಿದ ಮನುಷ್ಯನನ್ನು ಪೂರಾ ಕೈಬಿಡುವುದು ಕಷ್ಟ. ಅಮ್ಮ ಬಂದವರ ಮೈಯೇ ಗುಡಿ. ಅದಕ್ಕೆ ನೀರು, ನೆರಳು, ಬೇವಿನ ಗಾಳಿ ಬೇಕೇ ಬೇಕು.

ಇದರಲ್ಲಿ ಮೂಢನಂಬಿಕೆ ಇರಲಿಲ್ಲವೆ? ಇತ್ತು. ಸೂಜಿಗೆ ಹೆದರಿ ಸತ್ತವರಿದ್ದಾರೆ. ಆದರೆ ಹಳೆಯ ಆಚರಣೆಯೊಳಗೆ ಸೂಕ್ಷ್ಮವೂ ಇತ್ತು. ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಮುಂಚೆ ‘ಹೊರಬೀಡು’ ಎಂಬುದಿದೆ. ಗೊತ್ತಾದ ದಿನ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಹೋಗಿ ಹೊತ್ತು ಕಳೆದು ಬರುವ ಪದ್ಧತಿ. ಪ್ಲೇಗಿಗೆ ಆ ಕಾಲದ ವೈದ್ಯರು ಕಂಡುಕೊಂಡ ಕೈಲಾಗುವ ಉಪಾಯವೂ ಅದೇ, ಇಲಿ ಬಿದ್ದ ಮನೆ ಬಿಟ್ಟು ಬಯಲಿಗೆ ಹೋಗುವುದು. ಪೊಲೀಸರು ಎಳೆದೊಯ್ಯುವ ಕ್ಯಾಂಪಿಗೆ ಒಲ್ಲೆ ಎಂದ ಜನರೇ ಹೊಲದಲ್ಲಿ ತಾವಾಗಿ ಗುಡಿಸಲು ಹಾಕಿಕೊಂಡರು. ಅಲ್ಲಿ ಅವರ ಒಲೆ ಅವರದು, ದೇವರು ಅವರದು, ರೋಗಿಯ ತಲೆದಿಂಬಿನ ಪಕ್ಕ ಕೂರುವವರೂ ಅವರವರೇ.

ಲಾರ್ಡ್ ಕರ್ಜನ್ 1900ರ ಡಿಸೆಂಬರ್ 8ರಂದು ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದರು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಬಿಡಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅವಸರದಿಂದ ಮೇಲೆದ್ದವು. ಅಗಲ ರಸ್ತೆ, ಸಾಲುಮರ, ಮನೆಯ ಹಿಂದೆ ಕಸ ಸಾಗಿಸಲು ಪ್ರತ್ಯೇಕ ಓಣಿ. ಇಂದಿಗೂ ಮಲ್ಲೇಶ್ವರದವರು ‘ಕನ್ಸರ್ವೆನ್ಸಿ’ ಎಂದು ಕರೆಯುವ ಆ ಹಿಂದೋಣಿಗಳಲ್ಲಿ ನಡೆಯುವಾಗ ಪ್ಲೇಗಿನ ನೆರಳಿನಲ್ಲೇ ನಡೆಯುತ್ತಿರುತ್ತೇವೆ. ಗಾಳಿ ಬೆಳಕಿಗೆ ಹೀಗೆ ಜಾಗ ಬಿಟ್ಟ ಸರ್ಕಾರ ನಿವೇಶನ ಹಂಚುವಾಗ ಮಾತ್ರ ಹಳೆಯ ಲೆಕ್ಕವನ್ನು ಬಿಡಲಿಲ್ಲ; ಜಾತಿಗೊಂದು ಭಾಗ ಎಂಬಂತೆ ಬ್ಲಾಕುಗಳನ್ನು ವಿಂಗಡಿಸಿತು. ಇಲಿಯಿಂದ ದೂರ ಹೋದರು, ಒಬ್ಬರಿಂದೊಬ್ಬರು ಇದ್ದಷ್ಟೇ ದೂರ ಉಳಿದರು.

ಈ ಗಾಯಕ್ಕೆ ನೇರವಾಗಿ ಕೈಯಿಟ್ಟದ್ದು ಬಹಳ ತಡವಾಗಿ, ಒಂದು ಕಾದಂಬರಿ. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂತು. ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಅವನ ಹೆಣವನ್ನು ಮುಟ್ಟುವವರು ಯಾರು ಎಂಬ ಒಂದೇ ಪ್ರಶ್ನೆಗೆ ಅಗ್ರಹಾರವೆಲ್ಲ ಉಪವಾಸ ಕೂರುತ್ತದೆ. ಪ್ರಾಣೇಶಾಚಾರ್ಯರು ಗ್ರಂಥದಲ್ಲಿ ಉತ್ತರ ಹುಡುಕುತ್ತಾರೆ. ಅತ್ತ ಚಂದ್ರಿ ಕತ್ತಲಲ್ಲಿ ಹೋಗಿ, ಹಿಂದೆ ನಾರಣಪ್ಪನಿಂದ ಉಪಕಾರ ಪಡೆದಿದ್ದ ಒಬ್ಬ ಮುಸಲ್ಮಾನನ ಕೈಲಿ ಹೆಣವನ್ನು ಸುಡಿಸಿಬಿಟ್ಟಿರುತ್ತಾಳೆ. ಆಮೇಲೂ ಚರ್ಚೆ ನಡೆದೇ ಇರುತ್ತದೆ.

ಪ್ಲೇಗು ಒಂದೇ ಸಲಕ್ಕೆ ಹೋದದ್ದಲ್ಲ. ಇಂಡಿಯಾದಲ್ಲಿ ಮುಂದಿನ ಎರಡು-ಮೂರು ದಶಕಗಳಲ್ಲಿ 1 ಕೋಟಿಗೂ ಹೆಚ್ಚು ಜನರನ್ನು ತಿಂದಿತು. ಮೈಸೂರು ಸೀಮೆಯ ಹಳ್ಳಿಗಳಿಗೆ ನಮ್ಮಜ್ಜಿಯ ಕಾಲದವರೆಗೂ ಬಂದು ಹೋಗುತ್ತಿತ್ತು. ಅಜ್ಜಿ ಪ್ಲೇಗು ಬಂತು ಅನ್ನುತ್ತಿರಲಿಲ್ಲ, ‘ಇಲಿ ಬಿತ್ತು’ ಅನ್ನುತ್ತಿದ್ದರು. ಜಂತೆಯಿಂದ ಒಂದು ಇಲಿ ಪತ್ ಎಂದು ನೆಲಕ್ಕೆ ಬಿದ್ದು ಒದ್ದಾಡಿ ಸತ್ತರೆ ಆ ಸಂಜೆಯೇ ಗಾಡಿ ಕಟ್ಟುವುದು. ಒನಕೆ, ಬೀಸುವ ಕಲ್ಲು, ರಾಗಿ ಮೂಟೆ, ದೇವರ ಪೆಟ್ಟಿಗೆ, ಕೋಳಿ, ಮಕ್ಕಳು. ಹೊಲದ ಬದುವಿನಲ್ಲಿ ತೆಂಗಿನ ಗರಿಯ ಷೆಡ್ಡು. ಅಜ್ಜಿಗಾಗ ಏಳೆಂಟು ವರ್ಷ. ಅವರಿಗೆ ಅದೆಲ್ಲ ಹಬ್ಬದ ಹಾಗೆ ಕಂಡಿತ್ತಂತೆ, ಶಾಲೆಯಿಲ್ಲ, ಚಂದ್ರನ ಬೆಳಕಿನಲ್ಲೇ ಊಟ.

ಮನೆದೇವರ ಗೂಡಿಗೆ ದೀಪ ತಪ್ಪಿಸಬಾರದೆಂದು ಅಜ್ಜಿಯ ಅಪ್ಪ ಒಬ್ಬರೇ ದಿನಾ ಸಂಜೆ ಖಾಲಿ ಊರಿಗೆ ಹೋಗಿ ಬರುತ್ತಿದ್ದರು. ಬಂದ ಮೇಲೆ ಷೆಡ್ಡಿನಾಚೆಯೇ ಪಂಚೆ ಬಿಚ್ಚಿ ಕುದಿಯುವ ನೀರಿಗೆ ಹಾಕಿ, ಮೈಗೆ ನೀರು ಹುಯ್ದುಕೊಂಡು ಒಳಗೆ ಬರಬೇಕು. ಒಂದು ಸಂಜೆ ಅವರು ಪಕ್ಕದ ಮನೆಯ ಜಗಲಿಯಲ್ಲೂ ಒಂದು ಹಣತೆ ಹಚ್ಚಿಟ್ಟು ಬಂದರಂತೆ. ಮಾತು ಬಿಟ್ಟ ಮನೆ ಅದು, ಯಾವುದೋ ಬದುವಿನ ಜಗಳ. ಆ ಮನೆಯಲ್ಲಿ ಈಗ ಯಾರೂ ಉಳಿದಿರಲಿಲ್ಲ. ವಿಷಯ ಕೇಳಿ ಅಜ್ಜಿಯ ಅವ್ವ, ‘ಯಾರಿಲ್ಲದ ಮನೆಗೆ ದೀಪ ಹಚ್ತೀರಲ್ಲ, ಎಣ್ಣೆ ದಂಡ ಅಲ್ವಾ’ ಅಂದರಂತೆ.

ಅಪ್ಪ ಏನೂ ಹೇಳಲಿಲ್ಲವಂತೆ. ಮಾರನೆಯ ದಿನ ಎಣ್ಣೆ ಗಿಂಡಿಯನ್ನು ಸ್ವಲ್ಪ ಹೆಚ್ಚೇ ತುಂಬಿಸಿಕೊಂಡು ಹೊರಟರಂತೆ.